ವರದಿಯ ಮೇಲಿನ ಎರಡು ಅಂಕೆ, ಕೋಶದೊಳಗಿನ ಒಂದು ಗಂಟು

ವಂಶದಲ್ಲಿ ಹರಿದು ಬಂದು ಮಿದುಳಿನ ಕೋಶಗಳನ್ನು ಕೆಡಿಸುವ ಹಂಟಿಂಗ್ಟನ್ ಕಾಯಿಲೆಯ ಜೀನ್ ಪರೀಕ್ಷೆಯ ವರದಿಯಲ್ಲಿ ಮುಖ್ಯವಾಗಿ ಇರುವುದು ಎರಡೇ ಅಂಕೆ. 17 ಮತ್ತು 44 ಎಂದಿಟ್ಟುಕೊಳ್ಳಿ. ಒಂದು ಅಪ್ಪನಿಂದ ಬಂದ ಜೀನಿನದು, ಇನ್ನೊಂದು ಅಮ್ಮನಿಂದ ಬಂದದ್ದು. ಯಾವುದು ಯಾರಿಂದ ಬಂತೆಂದು ವರದಿ ಹೇಳುವುದಿಲ್ಲ. ಮಂಗಳೂರಿನಲ್ಲಿ ರಕ್ತ ಕೊಟ್ಟು ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಮರಳುವ ಮನೆಯವರಿಗೆ ಆ 44ರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಸಿಗುವುದು ಕಷ್ಟ. ವರದಿ ಇಂಗ್ಲಿಷಿನಲ್ಲಿ, ಈಚೆ ಕಡೆಯ ಸರಕಾರಿ ಕಾಗದ ಮಲಯಾಳದಲ್ಲಿ. ಆ ಅಂಕೆ ಕೋಶದೊಳಗೆ ಏನೇನು ಕೆಡಿಸುತ್ತದೆ, ಮಿದುಳಿನ ಚಿತ್ರಗಳಲ್ಲಿ ಕಾಣುವ ಪ್ರೋಟೀನಿನ ಗಂಟೇ ಕಾಯಿಲೆಯೇ ಅಥವಾ ಅದರ ಗುರುತು ಮಾತ್ರವೇ ಎಂಬುದನ್ನು ಇಲ್ಲಿ ಮೊದಲಿಂದ ನೋಡೋಣ.

ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಬರಹ. ಮೂರು ಮೂರು ಅಕ್ಷರ ಸೇರಿ, ಪ್ರೋಟೀನಿನ ಸರದ ಮಣಿಯಂತಿರುವ ಒಂದು ಅಮೈನೋ ಆಮ್ಲದ ಹೆಸರಾಗುತ್ತದೆ. ಸಿ-ಎ-ಜಿ ಎಂದರೆ ಗ್ಲುಟಮಿನ್. ನಾಲ್ಕನೇ ವರ್ಣತಂತುವಿನ ತುದಿಯ ಬಳಿ ಇರುವ ಒಂದು ಜೀನಿನ ಆರಂಭದಲ್ಲೇ ಈ ಸಿಎಜಿ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಆ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನಿಗೆ ಹಂಟಿಂಗ್ಟಿನ್ ಎಂದು ಹೆಸರು. 3100ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಬಹಳ ದೊಡ್ಡ ಪ್ರೋಟೀನು. ಸಿಎಜಿ 26 ಸಲದವರೆಗೆ ಬಂದರೆ ತೊಂದರೆಯಿಲ್ಲ. 27ರಿಂದ 35 ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ದಾಟುವಾಗ ಸಾಲು ಉದ್ದವಾಗುವ ಸಂಭವವಿದೆ. 36ರಿಂದ 39 ಅನಿಶ್ಚಿತ ವಲಯ: ಕೆಲವರಿಗೆ ಬರುತ್ತದೆ, ಕೆಲವರು ಇಳಿವಯಸ್ಸಿನವರೆಗೆ ಆರೋಗ್ಯವಾಗಿಯೇ ಇರುತ್ತಾರೆ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಸಹಜ ಆಯುಷ್ಯ ಬದುಕಿದರೆ, ಕಾಯಿಲೆ ಬಂದೇ ಬರುತ್ತದೆ. ಸಿಎಜಿ 60 ದಾಟಿದರೆ ಇಪ್ಪತ್ತು ವರ್ಷ ವಯಸ್ಸಿನೊಳಗೇ ಕಾಣಿಸಿಕೊಳ್ಳಬಹುದು. ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ವೈದ್ಯರು ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1872ರಲ್ಲಿ. ಜೀನ್ ಎಲ್ಲಿದೆಯೆಂದು ಅಂದಾಜು ಸಿಕ್ಕಿದ್ದು 1983ರಲ್ಲಿ, ಜೀನೇ ಕೈಗೆ ಸಿಕ್ಕಿದ್ದು 1993ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿಎಜಿ ಸಾಲಿನ ಕೊನೆಗೆ ಸಾಮಾನ್ಯವಾಗಿ ಒಂದು ಸಿಎಎ, ಆಮೇಲೆ ಇನ್ನೊಂದು ಸಿಎಜಿ ಇರುತ್ತವೆ. ಸಿಎಎ ಕೂಡ ಗ್ಲುಟಮಿನ್ನೇ. ಹಾಗಾಗಿ ವರದಿಯಲ್ಲಿ 44 ಇದ್ದವರ ಪ್ರೋಟೀನಿನಲ್ಲಿ ಸಾಮಾನ್ಯವಾಗಿ 46 ಗ್ಲುಟಮಿನ್ ಇರುತ್ತವೆ. ಇದು ಬರೀ ಲೆಕ್ಕದ ಮಾತೆಂದು ಬಿಡುವಂತಿಲ್ಲ. ಯಾಕೆಂದು ಮುಂದೆ ಬರುತ್ತದೆ.

ಮಡಲು ಹೆಣೆದ ಹಾಗೆ

ಪ್ರೋಟೀನು ತಯಾರಾಗುವಾಗ ನೂಲಿನ ಎಳೆಯಂತಿರುತ್ತದೆ. ಅದು ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ನೀರಿಗೆ ಹೊಂದದ ಭಾಗಗಳು ಒಳಗೆ ಸೇರುತ್ತವೆ, ಹೊಂದುವವು ಹೊರಗೆ ಉಳಿಯುತ್ತವೆ. ಗ್ಲುಟಮಿನ್ ಸ್ವಭಾವ ಸ್ವಲ್ಪ ಬೇರೆ. ಅದರ ಪಕ್ಕದ ಕವಲು ಹೈಡ್ರೋಜನ್ ಬಂಧವನ್ನು ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಗ್ಲುಟಮಿನ್ನಿನ ಎರಡು ಸಾಲು ಅಕ್ಕಪಕ್ಕ ಬಂದರೆ ಒಂದರ ಕವಲು ಇನ್ನೊಂದರ ಕವಲಿಗೆ ಸಿಕ್ಕಿಕೊಳ್ಳುತ್ತದೆ. ಮ್ಯಾಕ್ಸ್ ಪೆರುಟ್ಜ್ 1994ರಲ್ಲಿ ಇದನ್ನು ಝಿಪ್ಪಿಗೆ ಹೋಲಿಸಿದರು. ನಮ್ಮ ಕಡೆಯವರಿಗೆ ತೆಂಗಿನ ಮಡಲು ಹೆಣೆಯುವುದು ಇನ್ನೂ ಚೆನ್ನಾಗಿ ಗೊತ್ತು. ಮಡಲಿನ ಗರಿಗಳನ್ನು ಒಂದರ ಮೇಲೆ ಒಂದರ ಕೆಳಗೆ ದಾಟಿಸುತ್ತಾ ಹೋಗುವಾಗ ನಾಲ್ಕೈದು ದಾಟಿಗೆ ಬಿಟ್ಟರೆ ಹೆಣಿಗೆ ತಾನೇ ಬಿಚ್ಚಿಕೊಳ್ಳುತ್ತದೆ. ಸಾಲು ಉದ್ದ ಹೋದಷ್ಟು ಗಟ್ಟಿ. ಆಮೇಲೆ ಎಳೆದರೂ ಬಿಡುವುದಿಲ್ಲ. 20 ಗ್ಲುಟಮಿನ್ ಇದ್ದಾಗ ಎಳೆಗಳು ತಾಗಿದರೂ ಬಿಟ್ಟುಕೊಳ್ಳುತ್ತವೆ, 40 ದಾಟಿದಾಗ ತಾಗಿದ್ದು ಬಿಡುವುದಿಲ್ಲ. ಪ್ರಯೋಗನಳಿಕೆಯಲ್ಲಿ ಈ ತುಂಡುಗಳನ್ನು ಹಾಕಿ ನೋಡಿದಾಗಲೂ ಎಳೆ ಕಟ್ಟಲು ಶುರುವಾಗುವುದು ರೋಗಿಗಳಲ್ಲಿ ಕಾಣುವ ಗಡಿಯ ಹತ್ತಿರದಲ್ಲೇ.

ಇಡೀ ಹಂಟಿಂಗ್ಟಿನ್ ಸುಲಭದಲ್ಲಿ ಹೀಗೆ ಹೆಣೆದುಕೊಳ್ಳುವುದಿಲ್ಲ, ಅದರ ಮೈ ಅಷ್ಟು ದೊಡ್ಡದು. ಕೆಡುವುದು ತುದಿಯ ಚಿಕ್ಕ ತುಂಡು. ಅದು ಎರಡು ದಾರಿಯಲ್ಲಿ ಹುಟ್ಟುತ್ತದೆ. ಕೋಶದೊಳಗಿನ ಕತ್ತರಿಯಂಥ ಕಿಣ್ವಗಳು ದೊಡ್ಡ ಪ್ರೋಟೀನನ್ನು ಕತ್ತರಿಸುತ್ತವೆ. ಅದಲ್ಲದೆ ಜೀನಿನ ನಕಲು ತೆಗೆಯುವ ಹಂತದಲ್ಲೇ ಉದ್ದ ಸಿಎಜಿ ಇದ್ದಲ್ಲಿ ನಕಲು ಮೊದಲ ಭಾಗಕ್ಕೇ ನಿಂತುಹೋಗುವುದುಂಟು; ಆಗ ಗ್ಲುಟಮಿನ್ ತುಂಬಿದ ಮೋಟು ಪ್ರೋಟೀನು ನೇರವಾಗಿಯೇ ತಯಾರಾಗುತ್ತದೆ. ಈ ಎರಡನೆಯ ದಾರಿ ಗೊತ್ತಾದದ್ದು 2013ರಲ್ಲಿ.

ತುಂಡುಗಳು ಮೊದಲು ಎರಡು ನಾಲ್ಕು ಸೇರಿ ಸಣ್ಣ ಗುಂಪಾಗುತ್ತವೆ. ಇವು ಕರಗಿದ ಸ್ಥಿತಿಯಲ್ಲೇ ಕೋಶದೊಳಗೆ ಓಡಾಡುತ್ತವೆ. ಗುಂಪು ಒಂದು ಹದಕ್ಕೆ ಬಂದಾಗ ಬೀಜವಾಗುತ್ತದೆ. ಅಲ್ಲಿವರೆಗೆ ಏನೂ ಆಗದಂತೆ ಕಂಡದ್ದು ಆಮೇಲೆ ವೇಗವಾಗಿ ನಡೆಯುತ್ತದೆ: ಬೀಜಕ್ಕೆ ಹೊಸ ತುಂಡುಗಳು ತಗಲಿ ಉದ್ದ ನಾರಾಗುತ್ತದೆ, ನಾರುಗಳು ಸೇರಿ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ದೊಡ್ಡ ಗಂಟಾಗುತ್ತದೆ. ಹಾಲಿಗೆ ಹಾಕುವ ಹೆಪ್ಪನ್ನು ಇಲ್ಲಿ ನೆನೆಯಬಹುದು, ಒಂದು ವ್ಯತ್ಯಾಸ ಮರೆಯದೆ. ಮೊಸರಿನ ಹೆಪ್ಪಿನಲ್ಲಿ ಕೆಲಸ ಮಾಡುವುದು ಜೀವಂತ ಬ್ಯಾಕ್ಟೀರಿಯಾ. ಪ್ರೋಟೀನಿನ ಹೆಪ್ಪಿನಲ್ಲಿ ಜೀವವಿಲ್ಲ, ಇರುವುದು ಆಕಾರ ಮಾತ್ರ. ಕೆಟ್ಟ ಆಕಾರದ ತುದಿ ತನ್ನ ಹತ್ತಿರ ಬಂದದ್ದನ್ನೂ ಅದೇ ಆಕಾರಕ್ಕೆ ಎಳೆಯುತ್ತದೆ. ಹಾಗೆಂದು ಹಂಟಿಂಗ್ಟನ್ ಕಾಯಿಲೆ ಅಂಟುರೋಗವಲ್ಲ. ಜೊತೆಗೆ ಉಂಡರೆ, ಆರೈಕೆ ಮಾಡಿದರೆ, ಹಾಸಿಗೆ ಹಂಚಿಕೊಂಡರೆ ಬರುವುದಿಲ್ಲ. ಇದನ್ನು ಒತ್ತಿ ಹೇಳಬೇಕಾದ್ದು ಯಾಕೆಂದರೆ ಇಂಥ ಮನೆಗಳಿಗೆ ನೆಂಟರು ಬರುವುದನ್ನೇ ನಿಲ್ಲಿಸುವುದುಂಟು.

ಗಂಟೇ ಅಪರಾಧಿಯೇ?

ಇಲಿಗಳ ಮಿದುಳಿನ ಕೋಶಕೇಂದ್ರದಲ್ಲಿ ಈ ಗಂಟುಗಳು ಕಂಡದ್ದು 1997ರಲ್ಲಿ. ಆಗ ಎಲ್ಲರಿಗೂ ಸಹಜವಾಗಿ ಅನಿಸಿದ್ದು, ಅಪರಾಧಿ ಸಿಕ್ಕಿದ, ಇದನ್ನು ಕರಗಿಸಿದರೆ ಆಯಿತು ಎಂದು. ಈಗಲೂ ಜನಪ್ರಿಯ ಬರಹಗಳಲ್ಲಿ 'ಮಿದುಳಿನಲ್ಲಿ ಪ್ರೋಟೀನು ಕಟ್ಟಿ ಕೋಶ ಸಾಯುತ್ತದೆ' ಎಂಬ ಒಂದೇ ವಾಕ್ಯದಲ್ಲಿ ಇಡೀ ವಿಷಯ ಮುಗಿದುಬಿಡುತ್ತದೆ. ಆ ವಾಕ್ಯ ಅರ್ಧ ಮಾತ್ರ ಸರಿ.

ತೀರಿಕೊಂಡ ರೋಗಿಗಳ ಮಿದುಳನ್ನು ಪದರ ಪದರವಾಗಿ ನೋಡಿದ ಸಂಶೋಧಕರಿಗೆ 1999ರಲ್ಲಿ ಲೆಕ್ಕ ತಪ್ಪುತ್ತಿರುವುದು ಕಂಡಿತು. ಈ ಕಾಯಿಲೆಯಲ್ಲಿ ಅತಿ ಹೆಚ್ಚು ಸಾಯುವುದು ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದ ಕೋಶಗಳು. ಚಲನೆಯನ್ನು ಹದದಲ್ಲಿಡುವವು ಅವೇ. ಗಂಟುಗಳು ಹೆಚ್ಚಾಗಿ ಕಂಡದ್ದು ಮೇಲಿನ ತೊಗಟೆಯಲ್ಲಿ. ಸ್ಟ್ರಯೇಟಮ್ಮಿನೊಳಗೂ ಗಂಟು ಹೆಚ್ಚು ಇದ್ದದ್ದು ಕಾಯಿಲೆಗೆ ಬಲಿಯಾಗದೆ ಉಳಿಯುವ ಬೇರೆ ಜಾತಿಯ ಕೋಶಗಳಲ್ಲಿ. ಸಾಯುವಲ್ಲಿ ಕಡಿಮೆ, ಉಳಿಯುವಲ್ಲಿ ಹೆಚ್ಚು.

2004ರ ಒಂದು ಪ್ರಯೋಗ ಈ ಸಂಶಯವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿತು. ಯಂತ್ರಚಾಲಿತ ಸೂಕ್ಷ್ಮದರ್ಶಕ ಹಿಡಿದು ಒಂದೊಂದೇ ನರಕೋಶವನ್ನು ಗುರುತಿಟ್ಟು, ದಿನಗಟ್ಟಲೆ ಮತ್ತೆ ಮತ್ತೆ ಅದೇ ಕೋಶಕ್ಕೆ ಮರಳಿ, ಯಾವುದರಲ್ಲಿ ಗಂಟು ಕಟ್ಟಿತು, ಯಾವುದು ಯಾವಾಗ ಸತ್ತಿತು ಎಂದು ದಾಖಲಿಸಿದರು. ಗಂಟು ಕಟ್ಟದೆಯೇ ಎಷ್ಟೋ ಕೋಶಗಳು ಸತ್ತವು. ಗಂಟು ಕಟ್ಟಿದ ಕೋಶಗಳಲ್ಲಿ ಚದುರಿಕೊಂಡಿದ್ದ ಪ್ರೋಟೀನಿನ ಪ್ರಮಾಣ ಇಳಿಯಿತು, ಸಾಯುವ ಅಪಾಯವೂ ಇಳಿಯಿತು. ಅಂದರೆ ದೊಡ್ಡ ಗಂಟು ಎಂಬುದು ಕೋಶ ಕಸವನ್ನು ಒಂದು ಮೂಲೆಗೆ ಗುಡಿಸಿ ಹಾಕಿದ ರಾಶಿ. ಹೆಚ್ಚು ಕೆಡುಕು ಮಾಡುವುದು ಗುಡಿಸಲು ಸಿಗದೆ ಓಡಾಡುವ ಸಣ್ಣ ಗುಂಪುಗಳು. ರಾಶಿ ಪೂರ್ತಿ ನಿರಪಾಯ ಎಂದಲ್ಲ, ಅದೂ ಬೇಕಾದ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗಂಟು ಒಡೆಯುತ್ತೇವೆ ಎಂದು ಮಾರುವ ಔಷಧಿ, ಚೂರ್ಣ, ಕಷಾಯಗಳನ್ನು ನಂಬಿ ದುಡ್ಡು ಸುರಿಯುವ ಮುಂಚೆ ಇದು ಗೊತ್ತಿರಬೇಕು.

ಹಾಳಾಗುವುದು ಮನೆಗೆಲಸ

ಕೋಶ ಬದುಕುವುದು ದಿನನಿತ್ಯದ ಚೊಕ್ಕಟದಿಂದ. ಉದ್ದ ಗ್ಲುಟಮಿನ್ನಿನ ತುಂಡುಗಳು ಆ ಕೆಲಸವನ್ನು ಒಂದಲ್ಲ ಹಲವು ಕಡೆ ಕೆಡಿಸುತ್ತವೆ.

ಮೊದಲು ತೊಂದರೆಗೆ ಸಿಗುವುದು ಚಾಪರೋನ್ ಎಂಬ ಸಹಾಯಕ ಪ್ರೋಟೀನುಗಳು. ಎಚ್‌ಎಸ್‌ಪಿ70, ಎಚ್‌ಎಸ್‌ಪಿ40 ಇತ್ಯಾದಿ. ತಪ್ಪು ಮಡಿಚಿದ ಎಳೆಯನ್ನು ಹಿಡಿದು, ಶಕ್ತಿ ವ್ಯಯಿಸಿ, ಬಿಡಿಸಿ ಮತ್ತೆ ಮಡಿಚುವುದು ಅವುಗಳ ಕೆಲಸ. ಇವು ಗ್ಲುಟಮಿನ್ ಗುಂಪಿನ ಹಿಂದೆ ಬಿದ್ದರೆ ಬೇರೆ ಪ್ರೋಟೀನುಗಳ ಕಡೆ ನೋಡಲು ಯಾರೂ ಉಳಿಯುವುದಿಲ್ಲ. ಸೂಕ್ಷ್ಮ ಹುಳುಗಳಲ್ಲಿ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಗ್ಲುಟಮಿನ್ ಸಾಲಿಗೆ ಯಾವ ಸಂಬಂಧವೂ ಇಲ್ಲದ, ಸ್ವಲ್ಪ ದುರ್ಬಲವಾದ ಪ್ರೋಟೀನುಗಳೂ ಹೀಗೆ ಮಡಿಕೆ ತಪ್ಪಿದವು. ಒಂದು ಮನೆಯ ಗದ್ದಲಕ್ಕೆ ಊರಿನ ಆಳುಗಳೆಲ್ಲ ಹೋದಂತೆ.

ಮಡಿಚಲು ಆಗದ್ದನ್ನು ಪುಡಿ ಮಾಡಬೇಕು. ಅದಕ್ಕೆ ಪ್ರೋಟಿಯಸೋಮ್ ಎಂಬ ಪೀಪಾಯಿಯಂಥ ಯಂತ್ರವಿದೆ. ಬಿಸಾಡಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲದ ಪುಟ್ಟ ಚೀಟಿಗಳನ್ನು ಅಂಟಿಸಿದರೆ ಯಂತ್ರ ಅದನ್ನು ಬಿಚ್ಚಿ ಒಳಗೆಳೆದು ತುಂಡರಿಸುತ್ತದೆ. ಈ ಚೀಟಿ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ತೊಂದರೆಯೆಂದರೆ, ಈ ಯಂತ್ರದ ಹಲ್ಲಿಗೆ ಎರಡು ಗ್ಲುಟಮಿನ್‌ಗಳ ನಡುವೆ ಕತ್ತರಿಸುವುದು ಬಹಳ ಕಷ್ಟ. ಆಚೀಚಿನದ್ದನ್ನೆಲ್ಲ ಕತ್ತರಿಸಿ ಬರೀ ಗ್ಲುಟಮಿನ್ ಸಾಲನ್ನು ಹಾಗೇ ಹೊರಗೆ ಬಿಡುತ್ತದೆ. ಹೆಣೆದುಕೊಳ್ಳಲು ಅತಿ ಅನುಕೂಲವಾದ ಭಾಗ ಅದೇ! ಗಂಟುಗಳಿಗೆ ಬಣ್ಣ ಹಾಕಿ ನೋಡಿದರೆ ಯುಬಿಕ್ವಿಟಿನ್ ತುಂಬಿರುತ್ತದೆ. ಚೀಟಿ ಅಂಟಿದೆ, ಕಸ ಎತ್ತಿಲ್ಲ.

ಪ್ರೋಟಿಯಸೋಮಿಗೆ ಆಗದ ದೊಡ್ಡ ಕಸಕ್ಕೆ ಇನ್ನೊಂದು ದಾರಿ ಆಟೊಫೇಜಿ. ಕೋಶ ಒಂದು ಪೊರೆಯ ಚೀಲ ಹೊಲಿದು, ಕಸ ತುಂಬಿಸಿ, ಆಮ್ಲ ಮತ್ತು ಕಿಣ್ವಗಳಿರುವ ಲೈಸೋಸೋಮಿಗೆ ಸುರಿಯುತ್ತದೆ. ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ತಂದುಕೊಟ್ಟ ವಿಷಯ ಇದು. ಹಂಟಿಂಗ್ಟನ್ ಕೋಶಗಳಲ್ಲಿ ಚೀಲಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳೊಳಗೆ ಸರಕಿಲ್ಲ ಎಂದು 2010ರಲ್ಲಿ ಕಂಡುಬಂತು. ಗೋಣಿ ಹೊಲಿದದ್ದೂ ಆಯಿತು, ಲಾರಿ ಹೊರಟದ್ದೂ ಆಯಿತು, ಒಳಗೆ ಏನೂ ಇಲ್ಲ. ಆದ್ದರಿಂದ ಆಟೊಫೇಜಿಯನ್ನು ಹೆಚ್ಚಿಸಿದರೆ ಸಾಕು ಎಂಬ ಮಾತನ್ನೂ ಜಾಗ್ರತೆಯಿಂದ ಕೇಳಬೇಕು. ಚೀಲದ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಸ ತುಂಬುವುದಿಲ್ಲ.

ಅಡಿಕೆ ತೋಟದಲ್ಲಿ ಮಳೆನೀರು ಹರಿದುಹೋಗುವ ಕಣಿ ಮುಚ್ಚಿಹೋದರೆ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನೀರು ನಿಂತಲ್ಲಿ ಬೇರು ಕೊಳೆಯುತ್ತದೆ, ಸೋಗೆ ಹಳದಿಯಾಗುವುದು ಎಷ್ಟೋ ದಿನ ಕಳೆದು. ಕೋಶದಲ್ಲೂ ಹಾಗೆ, ಕಸದ ದಾರಿ ಕಟ್ಟಿದ ಕೆಡುಕು ಬೇರೆ ಕೆಲಸಗಳಲ್ಲಿ ಕಾಣಿಸುತ್ತದೆ.

ಅವುಗಳಲ್ಲಿ ಬಹಳ ಮುಖ್ಯವಾದದ್ದು ಬಿಡಿಎನ್‌ಎಫ್ ಎಂಬ ಪೋಷಕದ ಪೂರೈಕೆ. ಸ್ಟ್ರಯೇಟಮ್ಮಿನ ಕೋಶಗಳು ಈ ಪೋಷಕವನ್ನು ಬಹುಪಾಲು ತಾವು ತಯಾರಿಸುವುದಿಲ್ಲ. ತೊಗಟೆಯ ಕೋಶಗಳಲ್ಲಿ ತಯಾರಾಗಿ ಉದ್ದ ತಂತುಗಳ ಮೂಲಕ ಇಳಿದು ಬರಬೇಕು. ಆರೋಗ್ಯವಂತ ಹಂಟಿಂಗ್ಟಿನ್ ಇದಕ್ಕೆ ಎರಡು ರೀತಿಯಲ್ಲಿ ನೆರವಾಗುತ್ತದೆ. ಬಿಡಿಎನ್‌ಎಫ್ ಜೀನನ್ನು ಅದುಮಿಡುವ ಆರ್‌ಇಎಸ್‌ಟಿ ಎಂಬ ಪ್ರೋಟೀನನ್ನು ಕೋಶಕೇಂದ್ರದ ಹೊರಗೇ ತಡೆದಿಡುತ್ತದೆ. ತಯಾರಾದ ಬಿಡಿಎನ್‌ಎಫ್ ಪೊಟ್ಟಣಗಳನ್ನು ತಂತುವಿನುದ್ದಕ್ಕೆ ಸಾಗಿಸುವ ಮೋಟಾರು ಪ್ರೋಟೀನುಗಳಿಗೆ ಕೈಕೊಡುತ್ತದೆ. ಉದ್ದ ಗ್ಲುಟಮಿನ್ನಿನ ಹಂಟಿಂಗ್ಟಿನ್‌ಗೆ ಈ ಎರಡೂ ಸರಿಯಾಗಿ ಆಗುವುದಿಲ್ಲ. ತಯಾರಿಕೆಯೂ ಕಡಿಮೆ, ಸಾಗಾಟವೂ ನಿಧಾನ. ಗಂಟು ಕಡಿಮೆ ಇದ್ದ ಕಡೆಯೇ ಕೋಶ ಹೆಚ್ಚು ಸಾಯುವುದಕ್ಕೆ ಒಂದು ಕಾರಣ ಹೀಗೆ ಸಿಗುತ್ತದೆ: ಕೆಡುಕು ಇರುವುದು ಮೇಲಿನ ಮನೆಯಲ್ಲಿ, ಹಸಿವು ಕೆಳಗಿನ ಮನೆಗೆ.

ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಿ ಕುಗ್ಗುತ್ತದೆ, ಕೋಶಕೇಂದ್ರದ ಪೊರೆಯ ಬಾಗಿಲುಗಳಲ್ಲಿ ಹೋಗಿಬರುವಿಕೆ ಕೆಡುತ್ತದೆ, ಹಲವು ಜೀನುಗಳನ್ನು ಚಾಲೂ ಮಾಡುವ ಸಿಬಿಪಿಯಂಥ ಪ್ರೋಟೀನುಗಳು ಗಂಟಿನಲ್ಲಿ ಸಿಕ್ಕಿಬೀಳುತ್ತವೆ. ಒಂದೇ ಕೊಂಡಿ ಹಿಡಿದು ಎಳೆದರೆ ಇಡೀ ಸರಪಳಿ ಬರುತ್ತದೆಂದು ನಿರೀಕ್ಷಿಸುವುದು ತಪ್ಪು. ಆದರೆ ಮೂಲ ನಿಂತರೆ ಕೋಶಕ್ಕೆ ಚೇತರಿಸಿಕೊಳ್ಳುವ ಶಕ್ತಿ ಇದೆ. 2000ದಲ್ಲಿ, ಔಷಧಿ ಕೊಟ್ಟು ಕೆಟ್ಟ ಜೀನನ್ನು ನಿಲ್ಲಿಸಬಹುದಾದ ಇಲಿಗಳನ್ನು ತಯಾರಿಸಿ ನೋಡಿದರು. ಕಾಯಿಲೆ ಕಾಣಿಸಿಕೊಂಡ ಮೇಲೆ ಜೀನನ್ನು ನಿಲ್ಲಿಸಿದಾಗ ಗಂಟುಗಳು ಮಾಯವಾದವು, ನಡಿಗೆಯೂ ಸುಧಾರಿಸಿತು.

ನಲವತ್ತು ವರ್ಷ ಎಲ್ಲಿತ್ತು?

ಹುಟ್ಟಿದಾಗಿನಿಂದ ಇರುವ ಜೀನು ನಲವತ್ತರ ಆಸುಪಾಸಿನಲ್ಲಿ ಯಾಕೆ ಕಾಯಿಲೆ ತರುತ್ತದೆ? ವಯಸ್ಸಾದಂತೆ ಚಾಪರೋನ್, ಆಟೊಫೇಜಿ ಕುಗ್ಗುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಈಚೆಗೆ ಸ್ಪಷ್ಟವಾಗುತ್ತಿದೆ. ರಕ್ತದಲ್ಲಿ 44 ಇದ್ದರೂ ಮಿದುಳಿನ ಕೋಶಗಳಲ್ಲಿ ಅದು 44ಕ್ಕೆ ನಿಲ್ಲುವುದಿಲ್ಲ. ಡಿಎನ್‌ಎ ದುರಸ್ತಿಯ ಹೊತ್ತಿಗೆ ಸಿಎಜಿ ಸಾಲಿನ ಒಂದು ಎಳೆ ಜಾರಿ ಕುಣಿಕೆಯಾಗುತ್ತದೆ. ಎಂಎಸ್‌ಎಚ್3 ಇತ್ಯಾದಿ ದುರಸ್ತಿ ಪ್ರೋಟೀನುಗಳು ಆ ಕುಣಿಕೆಯನ್ನು ಸೇರಿಸಿಯೇ ಹೊಲಿದುಬಿಡುತ್ತವೆ. ಸಾಲು ಒಂದೆರಡು ಸಿಎಜಿಯಷ್ಟು ಉದ್ದವಾಗುತ್ತದೆ. ಎಫ್‌ಎಎನ್1 ಎಂಬ ಇನ್ನೊಂದು ಪ್ರೋಟೀನು ಇದನ್ನು ತಡೆಯಲು ನೋಡುತ್ತದೆ. 2025ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಟ್ರಯೇಟಮ್ಮಿನ ಕೋಶಗಳನ್ನು ಒಂದೊಂದಾಗಿ ಅಳೆದು, ಸಾಲು 80 ತಲುಪಲು ದಶಕಗಳೇ ಬೇಕು, ಅಲ್ಲಿಂದ ಮುಂದೆ ಬೇಗ ಬೇಗ ಬೆಳೆಯುತ್ತದೆ, 150 ದಾಟಿದ ಕೋಶಗಳಲ್ಲಿ ಮಾತ್ರ ಜೀನುಗಳ ಕೆಲಸ ಎದ್ದು ಕಾಣುವಂತೆ ಕೆಡುತ್ತದೆ ಎಂದು ಹೇಳಿತು. ಎಲ್ಲ ಕೋಶಗಳೂ ಒಟ್ಟಿಗೆ ಆ ಗಡಿ ದಾಟುವುದಿಲ್ಲ, ಒಂದಾದ ಮೇಲೊಂದು ದಾಟುತ್ತವೆ.

ಮೊದಲು ಹೇಳಿದ ಸಿಎಎಯ ಮಹತ್ವ ಈಗ ತಿಳಿಯುತ್ತದೆ. ಅದು ಸಿಎಜಿ ಸಾಲಿನ ನಡುವೆ ಬರುವ ತಡೆ. ಕೆಲವರಲ್ಲಿ ಆ ತಡೆ ಇರುವುದಿಲ್ಲ. ಗ್ಲುಟಮಿನ್ ಲೆಕ್ಕ ಒಂದೇ ಇದ್ದರೂ ತಡೆಯಿಲ್ಲದ ಸಾಲು ಇದ್ದವರಿಗೆ ಕಾಯಿಲೆ ಮುಂಚೆ ಬರುತ್ತದೆಂದು 2019ರ ದೊಡ್ಡ ಅಧ್ಯಯನಗಳು ತೋರಿಸಿದವು. ಪ್ರೋಟೀನಿನ ಉದ್ದವೇ ಎಲ್ಲವೂ ಆಗಿದ್ದರೆ ಹೀಗಾಗಬಾರದಿತ್ತು. ಡಿಎನ್‌ಎ ಸಾಲು ತಡೆಯಿಲ್ಲದೆ ಎಷ್ಟು ಉದ್ದ ಇದೆ, ಎಷ್ಟು ಬೇಗ ಬೆಳೆಯುತ್ತದೆ ಎಂಬುದೇ ಗಡಿಯಾರ. ಇದೇ ಕಾರಣಕ್ಕೆ, 44 ಎಂದು ಕಂಡ ಕೂಡಲೇ 'ಇಷ್ಟನೇ ವಯಸ್ಸಿಗೆ ಬರುತ್ತದೆ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 40ರಿಂದ 50ರ ನಡುವಿನ ಒಂದೇ ಅಂಕೆ ಇರುವ ಇಬ್ಬರ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರ ಇರಬಹುದು.

ಇದೇ ಕುಟುಂಬದ ಬೇರೆ ಕಾಯಿಲೆಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಸ್ಪೈನೊಸೆರೆಬೆಲ್ಲರ್ ಅಟಾಕ್ಸಿಯಾಗಳಲ್ಲಿ ಹಲವು ಸಿಎಜಿ ಕಾಯಿಲೆಗಳೇ; ಕೆಡುವುದು ಕಿರುಮಿದುಳು, ಮೊದಲು ತಪ್ಪುವುದು ನಡಿಗೆಯ ತೂಕ. ಕಣ್ಣು ಹೊರಳಿಸುವುದು ನಿಧಾನವಾಗುವ ಬಗೆಯನ್ನು ಮುಂಬೈಯ ವಾಡಿಯಾ ಮತ್ತು ಸ್ವಾಮಿ 1971ರಲ್ಲೇ ಭಾರತೀಯ ಕುಟುಂಬಗಳಲ್ಲಿ ಗುರುತಿಸಿದ್ದರು, ಇಂದು ಅದನ್ನು ಎಸ್‌ಸಿಎ2 ಎನ್ನುತ್ತಾರೆ. ವಂಶದಲ್ಲಿ ಬರುವ ಪಾರ್ಕಿನ್ಸನ್ ಕಾಯಿಲೆಯ ಕೆಲವು ಬಗೆಗಳಲ್ಲಿ 140 ಅಮೈನೋ ಆಮ್ಲದ ಆಲ್ಫಾ ಸಿನ್ಯೂಕ್ಲಿಯಿನ್ ಗಂಟಾಗುತ್ತದೆ. ಜೀನಿನಲ್ಲಿ ತಪ್ಪಿಲ್ಲದೆ ಅದರ ಪ್ರತಿಗಳ ಸಂಖ್ಯೆ ಹೆಚ್ಚಿದರೂ ಸಾಕು. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಒಂದು ಬಗೆಯಲ್ಲಿ ಗಂಟಾಗುವುದು ಎಸ್‌ಒಡಿ1 ಎಂಬ ಪ್ರೋಟೀನು. ಅದಕ್ಕೆ ಮಾತ್ರ ಟೊಫರ್ಸೆನ್ ಎಂಬ, ಜೀನಿನ ನಕಲನ್ನೇ ಅಳಿಸುವ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಕಾಸರಗೋಡಿನ ಮನೆಯಲ್ಲಿ ಕೇಳುವ ಪ್ರಶ್ನೆ

ಈ ಜಿಲ್ಲೆಯಲ್ಲಿ ನರಕ್ಕೆ ಸಂಬಂಧಿಸಿದ ಯಾವ ತೊಂದರೆ ಬಂದರೂ ಮೊದಲು ಬಾಯಿಗೆ ಬರುವ ಹೆಸರು ಎಂಡೋಸಲ್ಫಾನ್. ಹಾಗೆ ಬರುವುದು ನ್ಯಾಯವೇ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರುಗಳಿವು, ಎಣ್ಮಕಜೆಯಂಥ ಪಂಚಾಯತುಗಳ ಸಂಕಟ ಇನ್ನೂ ಮುಗಿದಿಲ್ಲ. ಆದರೆ ಎರಡರ ದಾರಿ ಬೇರೆ. ಎಂಡೋಸಲ್ಫಾನ್ ನರಕೋಶಗಳ ಗಾಬಾ ಎಂಬ ತಡೆ ವ್ಯವಸ್ಥೆಯನ್ನು ಅಡ್ಡಗಟ್ಟುತ್ತದೆ, ವಿಷ ಏರಿದಾಗ ಅಪಸ್ಮಾರ ಬರುವುದು ಅದರಿಂದ. ಹಂಟಿಂಗ್ಟನ್ ಬರುವುದು ಹುಟ್ಟುವಾಗಲೇ ಪಡೆದ ಉದ್ದ ಸಿಎಜಿಯಿಂದ. ಗೇರು ತೋಟ ಹತ್ತಿರವಿಲ್ಲದ ನೆಂಟರಲ್ಲಿ, ಮುಂಬೈಗೆ ಹೋಗಿ ನೆಲೆಸಿದ ಚಿಕ್ಕಪ್ಪನ ಮಕ್ಕಳಲ್ಲಿ, ಸಿಂಪಡಣೆ ಶುರುವಾಗುವ ಮುಂಚೆಯೇ ತೀರಿಕೊಂಡ ಅಜ್ಜನಲ್ಲಿ ಇದೇ ಬಗೆಯ ಕೈಕಾಲು ಕುಣಿತ, ಇದೇ ಬಗೆಯ ಸಿಡುಕು, ಇದೇ ರೀತಿ ಮೈ ಇಳಿದದ್ದು ಇತ್ತೇ ಎಂದು ಕೇಳಬೇಕು. ಇತ್ತು ಎಂದಾದರೆ ಜೀನ್ ಪರೀಕ್ಷೆಯ ಕಡೆ ನೋಡಬೇಕು. ಎಂಡೋಸಲ್ಫಾನ್ ಪಟ್ಟಿಯಲ್ಲಿ ಹೆಸರಿದ್ದ ಮನೆಯಲ್ಲೂ ಈ ಕಾಯಿಲೆ ಇರಬಹುದು. ಒಂದು ಇದೆಯೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ವಂಶವೃಕ್ಷ ಬರೆಯುವಾಗ ಇಲ್ಲಿ ಒಂದು ಹೊಂಡ ಇದೆ. ಮಾತೃಮೂಲದ ಮನೆತನಗಳಲ್ಲಿ, ಬಂಟರು, ಬಿಲ್ಲವರು, ತೀಯರು, ನಾಯರುಗಳಲ್ಲಿ, ತರವಾಡು (ತಾಯಿ ಕಡೆಯ ಮೂಲಮನೆ) ಅಥವಾ 'ಬರಿ' (ತಾಯಿ ಕಡೆಯ ಕುಲ) ಇವುಗಳ ನೆನಪು ಹರಿಯುವುದು ತಾಯಿಯ ಕಡೆಯಿಂದ. ಅಪ್ಪನ ಕಡೆಯ ಅಜ್ಜನಿಗೆ ಏನಿತ್ತೆಂಬುದು ಇನ್ನೊಂದು ಮನೆಯ ವಿಚಾರವಾಗಿಬಿಡುತ್ತದೆ. ತಂದೆಯ ಮೂಲದ ಮನೆತನಗಳಲ್ಲಿ ಇದೇ ತಪ್ಪು ತಿರುಗುಮುರುಗಾಗಿ ನಡೆಯುತ್ತದೆ, ಮದುವೆಯಾಗಿ ಹೋದ ಅತ್ತೆಯಂದಿರ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲ. ಜೀನಿಗೆ ತರವಾಡೂ ಗೋತ್ರವೂ ಇಲ್ಲ. ತಂದೆ ಅಥವಾ ತಾಯಿ ಯಾರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ಹೆಣ್ಣು ಗಂಡೆಂಬ ಭೇದವಿಲ್ಲದೆ. ತಂದೆಯಿಂದ ಬರುವಾಗ ಸಾಲು ಹೆಚ್ಚು ಉದ್ದವಾಗುವ ಅಪಾಯವಿದೆ. ಸಣ್ಣ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಬಗೆ ಬಹುಪಾಲು ತಂದೆಯ ಕಡೆಯದು. ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಬಂತು ಎಂದು ಕಂಡಲ್ಲಿ ಹೆಚ್ಚಾಗಿ ನಡುವಿನವರು ಬೇರೆ ಕಾರಣಕ್ಕೆ ಬೇಗ ತೀರಿಹೋಗಿರುತ್ತಾರೆ. ಇಬ್ಬರು ಮಕ್ಕಳಿಗೆ ಬಂದಿದೆ, ಮೂರನೆಯವನಿಗೆ ಬರಲಾರದು ಎಂಬ ಲೆಕ್ಕವೂ ಇಲ್ಲ. ಪ್ರತಿ ಸಲವೂ ಹೊಸದಾಗಿ ಅರ್ಧಕ್ಕರ್ಧ.

ಗುರುತುಗಳು ಆರಂಭದಲ್ಲಿ ಸಣ್ಣವು. ಕೂತಲ್ಲಿ ಬೆರಳು ಪಿಯಾನೋ ನುಡಿಸಿದಂತೆ ಆಡುತ್ತದೆ, ಹೆಗಲು ಹಾರುತ್ತದೆ. ನಾಲಗೆ ಚಾಚಿ ಹತ್ತು ಸೆಕೆಂಡು ಹಿಡಿಯಿರಿ ಎಂದರೆ ಅದು ಒಳಗೆ ಓಡುತ್ತದೆ. ಕೈಯನ್ನು ಬಿಗಿಯಾಗಿ ಹಿಡಿಯಲು ಹೇಳಿದರೆ ಹಿಡಿತ ಬಿಗಿ, ಸಡಿಲ, ಬಿಗಿ, ಸಡಿಲವಾಗುತ್ತದೆ. ಹಾಲು ಕರೆಯುವ ಕೈಯಂತೆ. ಇದಕ್ಕೂ ಮುಂಚೆ ಎಷ್ಟೋ ವರ್ಷ ಮುಂಗೋಪ, ಖಿನ್ನತೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಇರಬಹುದು. ಕುಡಿತವೆಂದೋ, ಮೈಮೇಲೆ ದರ್ಶನ ಬರುವುದೆಂದೋ ತಿಳಿದು ವರ್ಷಗಳು ಕಳೆಯುತ್ತವೆ. ಪ್ರಶ್ನೆ ಇಡಿಸುವವರು ಇಡಿಸಲಿ, ನರತಜ್ಞರ ಭೇಟಿ ಅದಕ್ಕಾಗಿ ಕಾಯಬಾರದು. ಮುಖ್ಯವಾಗಿ, ಇದೇ ರೀತಿ ಕಾಣುವ ಗುಣಪಡಿಸಬಹುದಾದ ಕಾಯಿಲೆಗಳಿವೆ: ತಾಮ್ರ ಸೇರುವ ವಿಲ್ಸನ್ ಕಾಯಿಲೆ, ಥೈರಾಯ್ಡ್ ಹೆಚ್ಚಾಗುವುದು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡಿನಂಥ ಔಷಧಿಗಳ ಅಡ್ಡಪರಿಣಾಮ. ಮೊದಲು ಅವು ಇಲ್ಲವೆಂದು ಖಚಿತವಾಗಬೇಕು.

ಪರೀಕ್ಷೆಗೆ ಬೇಕಾದದ್ದು ಕೆಲವು ಮಿಲಿಲೀಟರ್ ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಉಪವಾಸ ಬೇಡ. ಪ್ರಯೋಗಾಲಯದಲ್ಲಿ ಡಿಎನ್‌ಎ ತೆಗೆದು, ಸಿಎಜಿ ಇರುವ ಭಾಗವನ್ನು ಪಿಸಿಆರ್‌ನಿಂದ ಹೆಚ್ಚಿಸಿ, ಕೂದಲಿನಂಥ ನಳಿಕೆಯಲ್ಲಿ ಹರಿಸಿ ಉದ್ದ ಅಳೆಯುತ್ತಾರೆ. ಅಳತೆಯಲ್ಲಿ ಒಂದೆರಡು ಸಿಎಜಿ ಆಚೀಚೆ ಆಗುವುದು ಸಹಜ, 35 ಮತ್ತು 36ರ ಗಡಿಯಲ್ಲಿ ಅದೇ ದೊಡ್ಡ ವಿಷಯವಾಗುತ್ತದೆ. ಇನ್ನೊಂದು ಎಚ್ಚರ: ವರದಿಯಲ್ಲಿ ಒಂದೇ ಅಂಕೆ, 17 ಎಂದು ಮಾತ್ರ ಇದ್ದರೆ ಎರಡು ಅರ್ಥ ಸಾಧ್ಯ. ಎರಡೂ ಪ್ರತಿ 17 ಇರಬಹುದು. ಅಥವಾ ಎರಡನೆಯದು ಬಹಳ ಉದ್ದವಾಗಿ ಸಾಮಾನ್ಯ ಪಿಸಿಆರ್‌ಗೆ ಸಿಗದೆ ತಪ್ಪಿಹೋಗಿರಬಹುದು. ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಮಾಡಿ ಖಚಿತಪಡಿಸಿದ್ದಾರೆಯೇ ಎಂದು ಕೇಳಿ. ಚಿಕ್ಕ ವಯಸ್ಸಿನ ರೋಗಿಗಳಲ್ಲಿ ಇದು ಬಹಳ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆಯೂ ಆಪ್ತಸಲಹೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು.

ಕಾಯಿಲೆ ಕಾಣಿಸಿಕೊಳ್ಳದ ಮಕ್ಕಳ ಪರೀಕ್ಷೆ ಬೇರೆಯೇ ವಿಷಯ. 18 ವರ್ಷದ ಕೆಳಗಿನವರಿಗೆ, ಲಕ್ಷಣವಿಲ್ಲದಿದ್ದರೆ, ಮಾಡುವುದಿಲ್ಲ. ವಯಸ್ಕರಿಗೂ ಪರೀಕ್ಷೆಯ ಮುಂಚೆ ಸಮಾಲೋಚನೆ, ಯೋಚಿಸಲು ಸಮಯ, ಆಮೇಲೆ ರಕ್ತ, ಫಲಿತಾಂಶವನ್ನು ಎದುರು ಕೂರಿಸಿ ಹೇಳುವುದು, ಇದೇ ಕ್ರಮ. ತಿಳಿಯಬಾರದೆಂದು ನಿರ್ಧರಿಸುವ ಹಕ್ಕೂ ಅವರದ್ದೇ. ಮದುವೆ ಮಾತುಕತೆಗೆ ಬೇಕೆಂದು ಹಿರಿಯರು ಒತ್ತಾಯಿಸಿ ರಕ್ತ ಕೊಡಿಸುವುದು ಘೋರ ತಪ್ಪು. ಮಗುವಿಗೆ ದಾಟಬಾರದೆಂದು ಬಯಸುವ ದಂಪತಿಗೆ, ಗರ್ಭದ 11ರಿಂದ 13ನೇ ವಾರದಲ್ಲಿ ಜರಾಯುವಿನ ಸಣ್ಣ ತುಣುಕು ತೆಗೆದು ನೋಡುವ ದಾರಿ ಇದೆ. ಅದಕ್ಕೆ ಮುಂಚೆಯೇ ಸಲಹೆ ಪಡೆದಿರಬೇಕು.

ಚಿಕಿತ್ಸೆಯ ಕಡೆ, ಕಾಯಿಲೆಯ ಓಟವನ್ನು ನಿಲ್ಲಿಸುವುದಾಗಿ ಒಪ್ಪಿತವಾದ ಔಷಧಿ ಇನ್ನೂ ಇಲ್ಲ. ಟೊಮಿನರ್ಸೆನ್ ಎಂಬ ಔಷಧಿಯನ್ನು ಬೆನ್ನಹುರಿಯ ದ್ರವಕ್ಕೆ ಚುಚ್ಚಿ ಹಂಟಿಂಗ್ಟಿನ್ ತಯಾರಿಕೆಯನ್ನೇ ಇಳಿಸಿ ನೋಡಿದರು. 2021ರ ಮಾರ್ಚಿನಲ್ಲಿ ದೊಡ್ಡ ಪ್ರಯೋಗ ನಿಂತಿತು. ಎಂಟು ವಾರಕ್ಕೊಮ್ಮೆ ಪಡೆದವರು ಔಷಧಿ ಪಡೆಯದವರಿಗಿಂತ ಹಿಂದೆ ಬಿದ್ದಿದ್ದರು. ಅದು ಕೆಟ್ಟದ್ದರ ಜೊತೆ ಒಳ್ಳೆಯ ಹಂಟಿಂಗ್ಟಿನ್ನನ್ನೂ ಇಳಿಸುತ್ತಿತ್ತು. ಶಸ್ತ್ರಕ್ರಿಯೆಯಲ್ಲಿ ಸ್ಟ್ರಯೇಟಮ್ಮಿಗೇ ವೈರಸ್ ಮೂಲಕ ಔಷಧಿ ತಲುಪಿಸುವ ಎಎಂಟಿ-130 ಎಂಬ ಇನ್ನೊಂದು ಪ್ರಯೋಗ 2025ರಲ್ಲಿ, ಮೂರು ವರ್ಷದಲ್ಲಿ ಕಾಯಿಲೆ ಗಣನೀಯವಾಗಿ ನಿಧಾನವಾಗಿದೆಯೆಂದು ಹೇಳಿದೆ. ದೊಡ್ಡ ಪ್ರಮಾಣ ಪಡೆದು ಮೂರು ವರ್ಷ ಮುಗಿಸಿದವರು 12 ಜನ, ಹೋಲಿಸಿದ್ದು ಹೊರಗಿನ ದಾಖಲೆಗಳ ಜೊತೆ. ಸಿಎಜಿ ಬೆಳೆಯುವುದನ್ನೇ ತಡೆಯಲು ಎಂಎಸ್‌ಎಚ್3ರ ಮೇಲೆ ಕೆಲಸ ನಡೆಯುತ್ತಿದೆ, ನಮಗೆ ಹೆಚ್ಚು ಭರವಸೆ ಇರುವುದು ಆ ಕಡೆ.

ಇಂದು ಸಿಗುವುದು ಲಕ್ಷಣಗಳ ಆರೈಕೆ, ಅದನ್ನು ಸಣ್ಣದೆಂದು ತಿಳಿಯಬಾರದು. ಕುಣಿತಕ್ಕೆ ಟೆಟ್ರಾಬೆನಜಿನ್ ಇದೆ. ಅದು ಖಿನ್ನತೆ ಹೆಚ್ಚಿಸಬಲ್ಲದು, ಆತ್ಮಹತ್ಯೆಯ ಯೋಚನೆ ತರಬಲ್ಲದು, ಹಾಗಾಗಿ ಮನೆಯವರು ಮನಸ್ಸಿನ ಬದಲಾವಣೆಯನ್ನು ಗಮನಿಸುತ್ತಾ ವೈದ್ಯರಿಗೆ ತಿಳಿಸಬೇಕು, ಪ್ರಮಾಣವನ್ನು ತಾವೇ ಏರಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ದೀರ್ಘಕಾಲದ ನರರೋಗಗಳೂ ಇವೆ. ಕೆಲಸ ಮಾಡಲು ಕಷ್ಟವಾಗತೊಡಗಿದ ಕೂಡಲೇ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ತೂಕ ಇಳಿಯುವುದು ಈ ಕಾಯಿಲೆಯ ಸ್ವಭಾವ, ಕೆಲವರಿಗೆ ಸಾಮಾನ್ಯರ ಎರಡು ಪಟ್ಟು ಕ್ಯಾಲೊರಿ ಬೇಕಾಗುತ್ತದೆ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ, ತುಪ್ಪ, ತೆಂಗಿನಕಾಯಿ ಹಾಲು, ಬಾಳೆಹಣ್ಣು ಸೇರಿಸಿ ಕೊಡಿ.

ಇನ್ನು ಗಂಜಿ. ಕಾಯಿಲೆಯವರಿಗೆ ಮೆತ್ತಗಿರಲಿ ಎಂದು ಕುಚ್ಚಲಕ್ಕಿ ಗಂಜಿಯನ್ನು ತಿಳಿಯ ಸಮೇತ ಕೊಡುವುದು ನಮ್ಮ ಎಲ್ಲ ಮನೆಗಳ ಪದ್ಧತಿ. ನುಂಗುವ ಸ್ನಾಯುಗಳ ಹದ ತಪ್ಪಿದವರಿಗೆ ಅದೇ ಅಪಾಯ. ತಿಳಿ ಬೇಗ ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಬಾಯಿ ಅಗುಳನ್ನು ಅಗಿಯುವಷ್ಟರಲ್ಲಿ ತಿಳಿ ಶ್ವಾಸನಾಳಕ್ಕೆ ಇಳಿದಿರುತ್ತದೆ. ಈ ಕಾಯಿಲೆಯಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಹೀಗೆ ಬರುವ ನ್ಯುಮೋನಿಯದಿಂದ. ಗಂಜಿಯನ್ನು ಮಿಕ್ಸಿಯಲ್ಲಿ ರುಬ್ಬಿ, ಚಮಚ ಓರೆ ಮಾಡಿದರೆ ಹರಿಯದೆ ಮುದ್ದೆಯಾಗಿ ಬೀಳುವ ಹದಕ್ಕೆ ತನ್ನಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಟಿವಿ ಆರಿಸಿ, ಒಂದು ಚಮಚ ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಉಣ್ಣುವಾಗ ಕೆಮ್ಮು ಬಂದರೆ, ಅಥವಾ ಉಂಡ ಮೇಲೆ ಸ್ವರ ಒದ್ದೆಯಾದಂತೆ ಗೊರಗೊರ ಎಂದರೆ, ನುಂಗುವಿಕೆಯ ಪರೀಕ್ಷೆ ಮಾಡುವ ವಾಕ್ ಚಿಕಿತ್ಸಕರನ್ನು ಆ ವಾರವೇ ಕಾಣಿ.